ಅಣ್ಣನ ಸ್ಕೂಟರ್

ಸ್ಕೂಟರ್ ತೊಳೆಯಲೆಂದು ತಮ್ಮನು ಅಂಗಳದಲ್ಲಿ ಬಕೆಟ್ ಇಟ್ಟ ಸದ್ದಿಗೇ, ಒಳಗೆ ಕಿಟಕಿಯ ಪಕ್ಕ ಮಲಗಿದ್ದ ಅಣ್ಣನ ಕಣ್ಣು ಕೆಂಪಗಾಯಿತು.

“ಶುರುವಾಯ್ತಾ ನಿಮ್ದು?” ಗಂಡನ ಬಾಯಿ ಒರೆಸುತ್ತ ಅತ್ತಿಗೆ ಗದರಿದಳು. “ಎದ್ದು ಕೂರೋಕಾಗಲ್ಲ, ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ.”

ಅವಳು ಹಾಗೆಂದುಕೊಳ್ಳಲು ಕಾರಣವಿತ್ತು. ಅಣ್ಣ ಆ ಸ್ಕೂಟರನ್ನು ಯಾರಿಗೂ ಮುಟ್ಟಲು ಬಿಟ್ಟವನಲ್ಲ. ಹೆಂಡತಿಗೆ ಹಿಂದಿನ ಸೀಟು, ತಮ್ಮನಿಗೆ ಅದೂ ಇಲ್ಲ. ಅಂಥವನಿಗೆ ಈಗ ಮಾತೂ ಇಲ್ಲ, ಕೈಕಾಲೂ ಆಡುವುದಿಲ್ಲ. ತಿರುವಿನಲ್ಲಿ ಗಾಡಿ ಜಾರಿ ಬಿದ್ದನೆಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಅವನನ್ನು ಹೊತ್ತು ಆಸ್ಪತ್ರೆಗೆ ಸೇರಿಸಿದವನು ತಮ್ಮ. ಒಡೆದ ಹೆಡ್‌ಲೈಟು, ನುಗ್ಗಾದ ಮುಂದಿನ ಮಡ್‌ಗಾರ್ಡು ಬದಲಿಸಿದವನೂ ಅವನೇ. ಇಂಥ ತಮ್ಮ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು.

ತಮ್ಮ ಸೈಲೆನ್ಸರಿನ ಬಾಯಿಗೆ ಚಿಂದಿ ತುರುಕಿದ. ಕೀಲಿ ತೂತಿಗೆ ನೀರಿಳಿಯದಂತೆ ಟೇಪು ಅಂಟಿಸಿದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಕ್ರದ ಸಂದುಗಳನ್ನೆಲ್ಲ ತಿಕ್ಕಿದ. ಕೊನೆಗೆ ಮೆತ್ತನೆಯ ಬನಿಯನ್ ಬಟ್ಟೆಯಲ್ಲಿ ಪಾಲಿಶ್ ಹಚ್ಚಿ ಹಿಂದೆ ಸರಿದು ನೋಡಿದ.

“ಎರಡು ಪಕ್ಕಕ್ಕೂ ಒಂದು ಗೀರಿಲ್ಲ, ಅತ್ತಿಗೆ. ಅಣ್ಣ ಸಾಕಿದ ಗಾಡಿ ಅಂದ್ರೆ ಸುಮ್ನೇನಾ?”

“ಗಾಡಿಗೇನಾಗುತ್ತೆ? ಆಗಿದ್ದೆಲ್ಲ ಇವರಿಗೇ.”

ಅಷ್ಟರಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಬಂದರು. ಮಂಚದ ಪಕ್ಕ ಕೂತು ಅಣ್ಣನ ಗಂಟಲು ಮುಟ್ಟಿ ನೋಡಿದರು.

“ನಮ್ಮ ಕೇಂದ್ರಕ್ಕೆ ಕಳಿಸಿಕೊಡಿ. ಇವರಿಗೆ ಎಲ್ಲ ಅರ್ಥವಾಗ್ತಿದೆ. ಮೊದಲು ಕಣ್ಣು ಮಿಟುಕಿಸಿ ಹೌದು, ಅಲ್ಲ ಹೇಳೋದು ಕಲಿಸ್ತೀವಿ, ಆಮೇಲೆ ಮಾತು. ಇವತ್ತು ಒಂದು ಹಾಸಿಗೆ ಖಾಲಿ ಇದೆ. ನಾಳೆ ಇರಲ್ಲ.”

ಅಣ್ಣನ ಉಸಿರು ಜೋರಾಯಿತು. ಹೋಗಬೇಕೆಂದು ಅವನ ಜೀವ ಹಾತೊರೆಯಿತು.

ತಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. “ಕಂಡವರ ಕೈಗೆ ಯಾಕೆ ಅತ್ತಿಗೆ? ನೀವು ಧೈರ್ಯವಾಗಿ ಕೆಲಸಕ್ಕೆ ಹೋಗಿ. ಹಗಲೆಲ್ಲ ನಾನಿರ್ತೀನಿ. ಅಣ್ಣನಿಗೆ ಮಾತು ಬರೋ ವಿಚಾರ ನನಗೆ ಬಿಡಿ.”

ಅತ್ತಿಗೆ ಅತ್ತ ನೋಡಿದಳು, ಇತ್ತ ನೋಡಿದಳು.

ಆಗ ಅಣ್ಣ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿದ. ಹಣೆಯ ನರ ಉಬ್ಬಿತು. ಬಿದ್ದಾಗಿನಿಂದ ಅಲುಗದ ಬಲಗೈ ಅಲುಗಿತು. ನಡುಗುತ್ತ ಒಂದು ಬೆರಳು ಮೇಲೆದ್ದು, ನೇರವಾಗಿ ತಮ್ಮನ ಎದೆಗೆ ಗುರಿಯಿಟ್ಟು ನಿಂತಿತು.

“ಅಯ್ಯೋ, ಕೈ ಎತ್ತಿದ್ರು!” ಅತ್ತಿಗೆ ಅತ್ತೇಬಿಟ್ಟಳು. “ತಮ್ಮನೇ ಬೇಕಂತೆ, ಡಾಕ್ಟರೇ. ಎಷ್ಟಾದ್ರೂ ಒಡಹುಟ್ಟು. ನಿಮ್ಮ ಹಾಸಿಗೆ ಬೇರೆಯವರಿಗೆ ಕೊಟ್ಬಿಡಿ.”

ಡಾಕ್ಟರಮ್ಮನಿಗೂ ಕಣ್ಣು ತುಂಬಿತು. ಚೀಲ ಎತ್ತಿಕೊಂಡು ಹೊರಟರು. ಅತ್ತಿಗೆ ಅವರನ್ನು ಕಳಿಸಲು ಬಾಗಿಲವರೆಗೆ ಹೋದಳು.

ತಮ್ಮ ಮಂಚದ ಮೇಲೆ ಕೂತು, ಆ ಬೆರಳನ್ನು ಮೆಲ್ಲಗೆ ಮಡಿಸಿ, ಕೈಯನ್ನು ಹೊದಿಕೆಯೊಳಗೆ ಸೇರಿಸಿದ.

ಆ ದಿನ ಅಣ್ಣ ಸ್ಕೂಟರಿನ ಮೇಲಿರಲಿಲ್ಲ. ಕದ್ದು ಓಡಿಸುತ್ತಿದ್ದ ತಮ್ಮನನ್ನು “ಇಳಿಯೋ ಕೆಳಗೆ” ಎಂದು ಗದರುತ್ತ, ಅದರ ಮುಂದೆ ನಿಂತಿದ್ದ.