ಎಲ್ಲಿ ಬೇಕಾದರೂ ತೆರೆಯುತ್ತದೆ

ಹಳೆಯ ಸಾಫ್ಟ್‌ವೇರ್ ಆಫೀಸಿನ ಕಂಪ್ಯೂಟರುಗಳಲ್ಲಿ ಮಾತ್ರ ತೆರೆಯುತ್ತಿತ್ತು. ಹೊಸದು ಎಲ್ಲಿ ಬೇಕಾದರೂ ಬ್ರೌಸರಿನಲ್ಲಿ ತೆರೆಯುತ್ತದೆ ಎಂದು ತೋರಿಸಲು ಮಂದಾಕಿನಿ ಆ ಭಾನುವಾರ ಮ್ಯಾನೇಜರ್ ಕುಸುಮಾಕರರ ಮನೆಗೇ ಬಂದಿದ್ದಳು. ಅವರು ಸಹಿ ಹಾಕಿದರೆ ಅವಳ ಕಂಪನಿಗೆ ಆರ್ಡರು. ಇಲ್ಲದಿದ್ದರೆ ಅವಳ ಕೆಲಸ ಉಳಿಯುವುದೇ ಅನುಮಾನ.

ಲ್ಯಾಪ್‌ಟಾಪಿನಲ್ಲಿ ಪುಟ ತೆರೆದುಕೊಂಡಿತು. ಕುಸುಮಾಕರರ ಮುಖ ಬಾಡಿತು. ಹೆಂಡತಿ ಕಾಫಿ ತರಲು ಒಳಗೆ ಹೋದದ್ದೇ ತಡ, ಪಿಸುಗುಟ್ಟಿದರು.

"ಇದು ಮನೇಲಿ ತೆರೆಯದ ಹಾಗೆ ಮಾಡಮ್ಮ, ಈಗಲೇ ಸಹಿ ಹಾಕ್ತೀನಿ."

"ಯಾಕೆ ಸಾರ್?"

"ಕೆಲಸ ಇದೆ, ಸಾಫ್ಟ್‌ವೇರ್ ಆಫೀಸಲ್ಲಿ ಮಾತ್ರ ತೆರೆಯೋದು ಅಂತ ಇವಳಿಗೆ ಹೇಳಿ ಭಾನುವಾರ ಭಾನುವಾರ ಇಸ್ಪೀಟಿಗೆ ಹೋಗ್ತಿದ್ದೆ. ಇನ್ನು ಏನಂತ ಹೇಳ್ಲಿ?"

ಮಂದಾಕಿನಿ ಲ್ಯಾಪ್‌ಟಾಪ್ ಮುಚ್ಚಿದಳು. ಒಪ್ಪಿದರೆ ಪಾಪ, ಆ ಹೆಂಗಸಿಗೆ ಮೋಸ. ಒಪ್ಪದಿದ್ದರೆ ತನ್ನ ಅನ್ನಕ್ಕೇ ಕಲ್ಲು. ಯೋಚಿಸಿ ಹೇಳುತ್ತೇನೆಂದು ಕಾಫಿ ಕುಡಿದು ಎದ್ದಳು.

ಗೇಟಿನ ತನಕ ಕಳಿಸಲು ಬಂದ ಕುಸುಮಾಕರರ ಹೆಂಡತಿ ಒಮ್ಮೆ ಹಿಂದೆ ತಿರುಗಿ ನೋಡಿ, ಅವಳ ಕೈ ಹಿಡಿದುಕೊಂಡರು.

"ಅದು ಇಲ್ಲಿ ತೆರೆಯದ ಹಾಗೆ ಏನಾದ್ರೂ ಮಾಡು ತಾಯಿ. ಭಾನುವಾರಾನೂ ಇವ್ರು ಮನೇಲೇ ಕೂತ್ರೆ ನಾನೆಲ್ಲಿಗೆ ಹೋಗ್ಲಿ?"