ಹೆಸರಿನ ಮುಂದಿನ ತಾರೀಖು

ಸತ್ತವರ ಹೆಸರುಗಳ ನಡುವೆ ದಯಾಸೀಲನ್ 'ಜೀವರಂಜನ್' ಎಂದು ಓದಿದಾಗ, ಓಲೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಹೆಂಗಸರ ಕೈಗಳೆಲ್ಲ ಒಟ್ಟಿಗೇ ನಿಂತವು. ಅವನಿಗೆ ಅದು ಭಕ್ತಿಯಂತೆ ಕಂಡಿತು. ಸ್ವರ ಇನ್ನಷ್ಟು ತಗ್ಗಿಸಿ ಉಳಿದ ಐದು ಹೆಸರು ಓದಿ ಮುಗಿಸಿದ. ದೊಡ್ಡ ಪಾದ್ರಿ ಆ ಭಾನುವಾರ ಇನ್ನೊಂದು ಊರಿನ ಆರಾಧನೆಗೆ ಹೋಗಿದ್ದರು. ಇಡೀ ಚರ್ಚು ಮೊದಲ ಸಲ ಅವನ ಪಾಲಿಗೆ ಬಂದಿತ್ತು.

ದ್ವೀಪದ ನಡುವಿನ ಬೆಟ್ಟಗಳ ಚಳಿಯಲ್ಲಿ, ಹಟ್ಟನ್ ಕಡೆಯ ಚಹಾ ತೋಟದಲ್ಲಿ ಬೆಳೆದ ಹುಡುಗ. ಪಾದ್ರಿ ಓದಿನ ಕೊನೆಗೆ ಒಂದು ವರ್ಷದ ತರಬೇತಿಗೆಂದು ಉತ್ತರದ ಮುಲ್ಲೈತೀವಿನ ಈ ಕಡಲೂರಿಗೆ ಬಂದು ಏಳು ವಾರವಾಗಿತ್ತು. ಮೊದಲ ದಿನವೇ ಗಂಟೆ ಹೊಡೆಯುವ ಮುದುಕ ಅರಿಯರತ್ನಂ ಇವನ ಪೆಟ್ಟಿಗೆಯೊಳಗೆ ಇಣುಕಿ, 'ಸ್ವೆಟರ್ ಯಾರಿಗೆ ತಂಬಿ, ಮೀನುಗಳಿಗಾ?' ಎಂದು ನಕ್ಕಿದ್ದ. ಇಲ್ಲಿನ ಸೆಕೆ ಒಗ್ಗಲಿಲ್ಲ, ಬಾವಿಯ ಉಪ್ಪುನೀರು ಒಗ್ಗಲಿಲ್ಲ. ಒಗ್ಗಿದ್ದು ಸೆಲ್ವಮಲರ್ ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿ ಮಾಡುವ ಪಿಟ್ಟು ಮಾತ್ರ. ಚರ್ಚಿನ ಹಿಂದಿನ ಓಣಿಯ ಆ ಒಂಟಿ ಹೆಂಗಸು ದಿನಾ ಬೆಳಿಗ್ಗೆ ಪಿಟ್ಟು, ಮೀನುಸಾರು ತಂದಿಟ್ಟು, ಅವನು ತಿಂದು ಮುಗಿಸುವವರೆಗೂ ಬಾಗಿಲಲ್ಲಿ ನಿಲ್ಲುತ್ತಿದ್ದಳು. 'ಅಮ್ಮಂಗೆ ಫೋನ್ ಮಾಡಿದ್ಯಾ ಮಗನೇ?' ಎಂದು ಕೇಳದೆ ಪಾತ್ರೆ ಎತ್ತುತ್ತಿರಲಿಲ್ಲ. ತನ್ನ ಮಗ ದೂರ ಹೋಗಿದ್ದಾನೆ ಎಂದಿದ್ದಳು. ಊರಿನ ಅರ್ಧ ಮಕ್ಕಳು ಕೆನಡಾದಲ್ಲೋ ಲಂಡನ್ನಿನಲ್ಲೋ ಇದ್ದರು. ಇವನು ಮಗನ ಹೆಸರು ಕೇಳುವ ಗೋಜಿಗೂ ಹೋಗಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ದಯಾಸೀಲನ್ ಶನಿವಾರವಿಡೀ ಕೂತು, ಯಾರೂ ಹೇಳದೆಯೇ, ಚರ್ಚಿನ ಹರಕು ಪ್ರಾರ್ಥನೆ ಪುಸ್ತಕದ ಹೆಸರುಗಳನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸಿದ್ದ. ದೊಡ್ಡ ಪಾದ್ರಿ ಬಂದು ನೋಡಿ ಬೆನ್ನು ತಟ್ಟಲಿ ಎಂಬ ಆಸೆ. ಹಳೆಯದರಲ್ಲಿ ಎರಡು ಪಟ್ಟಿ: ಪ್ರಯಾಣದಲ್ಲಿರುವವರು; ಕರ್ತನಲ್ಲಿ ನಿದ್ರೆಹೋದವರು, ಅಂದರೆ ಸತ್ತವರು. ನಿದ್ರೆಹೋದವರ ಮುಂದೆಲ್ಲ ತಾರೀಖಿತ್ತು. ಪ್ರಯಾಣದವರ ಮುಂದೆ ಇರಲಿಲ್ಲ, ಒಬ್ಬನನ್ನು ಬಿಟ್ಟು. ಜೀವರಂಜನ್ ಎಂಬ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಎರಡು ಸಾವಿರದ ಒಂಬತ್ತರ ಮೇ ತಿಂಗಳ ಒಂದು ದಿನದ ತಾರೀಖು. ಹಿಂದಿನವರು ಜಾಗ ತಪ್ಪಿ ಬರೆದಿದ್ದಾರೆ ಎಂದುಕೊಂಡು ಇವನೇ ಆ ಹೆಸರನ್ನು ನಿದ್ರೆಹೋದವರ ಪಟ್ಟಿಗೆ ಸೇರಿಸಿದ. ಅರಿಯರತ್ನಂನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಆರಾಧನೆ ಮುಗಿದು, ಜನರ ಕೈಕುಲುಕಲು ಬಾಗಿಲಲ್ಲಿ ನಿಂತಾಗ ಆ ಮುದುಕನೇ ಬಂದು ಅವನ ತೋಳು ಹಿಡಿದ.

'ಏನ್ ತಂಬಿ ಮಾಡ್ಬಿಟ್ಟೆ? ಅದು ಸತ್ತ ತಾರೀಖಲ್ಲ, ಬಸ್ ಹತ್ತಿದ ತಾರೀಖು. ಯುದ್ಧ ಮುಗಿದ ವಾರ ಮಿಲಿಟರಿಯೋರು, ಹೆಸರು ಬರ್ಕೊಂಡು ಸಂಜೆಗೆ ಬಿಡ್ತೀವಿ ಅಂತ ಹುಡುಗರನ್ನ ಬಸ್ ಹತ್ತಿಸ್ಕೊಂಡು ಹೋದ್ರು. ಪ್ರಯಾಣದ ಪಟ್ಟೀಲಿರೋರೆಲ್ಲ ಆ ಬಸ್ಸಿನೋರೇ. ಸೆಲ್ವಮಲರ್ ಒಬ್ಳು, ದಿನ ಮರೀಬಾರ್ದು ಅಂತ ಮಗನ ಹೆಸರಿನ ಮುಂದೆ ತಾರೀಖು ಬರ್ಸಿದ್ಲು.'

ಅಷ್ಟರಲ್ಲಿ ಸೆಲ್ವಮಲರ್ ಹಿಂದಿನ ಬೆಂಚಿನಿಂದ ಎದ್ದು ಬಂದಳು. ಬಯ್ಯುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಎಂದು ದಯಾಸೀಲನ್ ಕಾದ. ಅವಳು ಸೆರಗು ಸರಿಮಾಡಿಕೊಂಡು, ಕಚೇರಿ ಮೇಜಿನ ಮುಂದೆ ನಿಲ್ಲುವವರ ಹಾಗೆ ಎರಡು ಹೆಜ್ಜೆ ದೂರದಲ್ಲೇ ನಿಂತಳು.

'ಎಲ್ಲಿ ಹೂತಿದಾರೆ ಅಯ್ಯಾ?'

ಏಳು ವಾರ ಮಗನೇ ಎಂದವಳ ಬಾಯಲ್ಲಿ ಅಯ್ಯಾ ಕೇಳಿ ಅವನಿಗೆ ಅಳುವೇ ಬಂತು. ನನಗೇನೂ ಗೊತ್ತಿಲ್ಲಮ್ಮ, ಬರೆಯುವಾಗ ತಪ್ಪಾಯಿತು ಎಂದು ತೊದಲಿದ. ಒಳಗೆ ಓಡಿ ಹಳೆಯ ಪುಸ್ತಕ ತಂದು ಪೆನ್ಸಿಲ್ಲಿನ ಬರಹ ತೋರಿಸಿದ. ಮುಂದಿನ ವಾರ ಹೆಸರು ಮೊದಲಿನ ಜಾಗದಲ್ಲೇ ಇರುತ್ತದೆ ಎಂದ. ಅವಳು ಪುಸ್ತಕ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

'ಕಚೇರೀಲೂ ಹಿಂಗೇ ಅಯ್ಯಾ. ಒಂದಿನ ಏನೋ ಬಾಯ್ತಪ್ಪಿ ಅಂದ್ಬಿಡ್ತಾರೆ, ಮಾರನೇ ದಿನ ಹೋದ್ರೆ ಬರಿಯೋವಾಗ ತಪ್ಪಾಯ್ತು ಅಂತಾರೆ. ಮೇಲಿನೋರು ಕಳ್ಸಿ ಬಂದೋರು ನೀವು, ಗೊತ್ತಿಲ್ದೆ ಓದ್ತೀರಾ? ಹೆದರ್ಬೇಡಿ, ನೀವು ಹೇಳಿದ್ದು ಅಂತ ನಾನ್ಯಾರಿಗೂ ಹೇಳಲ್ಲ. ಜಾಗ ಒಂದು ಹೇಳಿ, ಸಾಕು.'

ಆಣೆ ಇಡಬಾರದೆಂದು ನಾಲ್ಕು ವರ್ಷ ಓದಿದವನು ಆಗ ದೇವರ ಮೇಲೂ ಹೆತ್ತ ತಾಯಿಯ ಮೇಲೂ ಆಣೆ ಇಟ್ಟ. ಸೆಲ್ವಮಲರ್ ಆಯಿತೆಂಬಂತೆ ತಲೆಯಾಡಿಸಿದಳು. ಹದಿನೈದು ವರ್ಷದಿಂದ ಎಷ್ಟೋ ಮೇಜುಗಳ ಮುಂದೆ ಹಾಗೆಯೇ ತಲೆಯಾಡಿಸಿ ಹೊರಗೆ ಬಂದವಳು. ನಾಳೆ ಬರುತ್ತೇನೆ ಎಂದು ಹೇಳಿ ಪಕ್ಕಕ್ಕೆ ಸರಿದಳು.

ಅವಳು ಸರಿದ ಮೇಲೆಯೇ ಅವನಿಗೆ ಅವಳ ಹಿಂದೆ ನಿಂತಿದ್ದ ಸಾಲು ಕಂಡದ್ದು. ಹನ್ನೊಂದು ಹೆಂಗಸರಿದ್ದರು. ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ. ಸಾಲಿನಲ್ಲಿ ನಿಂತು ಅವರಿಗೆ ಅಭ್ಯಾಸ. ಬೈಬಲಿನ ಹಾಳೆಗಳ ನಡುವಿನಿಂದ ತೆಗೆದ ಒಂದೊಂದು ಫೋಟೋ ಎಲ್ಲರ ಕೈಯಲ್ಲೂ ಇತ್ತು. ಮುಂದಿದ್ದವಳು ತನ್ನದನ್ನು ಸೆರಗಿನಲ್ಲಿ ಒರೆಸಿ, ಎರಡೂ ಕೈಯಿಂದ ಅವನತ್ತ ಚಾಚಿದಳು.

'ನನ್ ಮಗಂದೂ ಸ್ವಲ್ಪ ನೋಡಿ ಅಯ್ಯಾ. ಅದೇ ಬಸ್ಸು.'