ಗೈರಾದ ಮಕ್ಕಳಿಗಾಗಿ

"ಜ್ವರ ಬಂದು ಮನೇಲಿ ಮಲಗಿರೋ ಮಕ್ಕಳಿಗೂ ಪಾಠ ತಪ್ಪಬಾರ್ದು ಟೀಚರ್. ನಿಮ್ಮ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿಬಿಡೋಣ," ಎಂದರು ಹೆಡ್‌ಮಾಸ್ಟರು.

ಬೇಸಿಗೆ ರಜೆಯಿಡೀ ಖಾಲಿ ಬೆಂಚುಗಳೆದುರು ನಿಂತು ಕ್ಯಾಮೆರಾಕ್ಕೆ ಭಿನ್ನರಾಶಿ ಹೇಳಿಕೊಟ್ಟೆ.

"ಕ್ಲಾಸಲ್ಲಿ ಗದರಿಸ್ತೀರಲ್ಲ, ಅದನ್ನೂ ನಡುನಡುವೆ ಸೇರಿಸಿ."

"ಮನೇಲಿರೋ ಮಗೂನ ಯಾಕೆ ಸರ್ ಗದರಿಸ್ಬೇಕು?"

"ನೀವೇ ಎದುರಿಗಿದ್ದ ಹಾಗೆ ಅನ್ನಿಸ್ಬೇಕು ಟೀಚರ್."

ಆ ಮಾತಿಗೆ ಉಬ್ಬಿಹೋದೆ. ತರಗತಿಯಲ್ಲಿ ಗದರುವಂತೆಯೇ ಗದರಿದೆ.

ಶಾಲೆ ಶುರುವಾದ ದಿನ ಐದನೇ ತರಗತಿಯ ಬಾಗಿಲಲ್ಲಿ ಅವರೇ ನನ್ನನ್ನು ತಡೆದರು. ಒಳಗೆ ಹೊಸ ಸ್ಮಾರ್ಟ್ ಬೋರ್ಡಿನ ಮೇಲೆ ನಾನು ರೊಟ್ಟಿಯ ಚಿತ್ರ ಬರೆದು ನಾಲ್ಕು ಭಾಗ ಮಾಡುತ್ತಿದ್ದೆ.

"ಆಡಳಿತ ಮಂಡಳಿ ತೀರ್ಮಾನ. ಇನ್ಮೇಲೆ ನೀವು ಬರೋದು ಬೇಡ."

"ಗೈರಾದವರಿಗೆ ಅಂದಿದ್ರಿ ಸರ್."

ನನ್ನ ದನಿ ಕೇಳಿ ಮಕ್ಕಳು ಬಾಗಿಲಿನತ್ತ ತಿರುಗಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ನಗುತ್ತ ಎದ್ದು ನಿಂತಳು.

ಬೋರ್ಡಿನ ಮೇಲಿನ ನಾನು ಡಸ್ಟರಿನಿಂದ ಮೇಜು ಕುಟ್ಟಿದೆ. "ಬಾಗಿಲ ಕಡೆ ಏನು ನೋಡ್ತೀರಾ? ಯಾರು ಬಂದ್ರೆ ನಿಮಗೇನು? ಇಲ್ಲಿ ನೋಡಿ."

ನನ್ನ ಮಾತು ಎಂದೂ ಮೀರದ ಮಕ್ಕಳು, ನನಗೆ ಬೆನ್ನು ತಿರುಗಿಸಿ ಕುಳಿತರು.